ಸೆರಗಿನಲ್ಲಿ ಬೆರೆತ ಮಾತ್ರೆಗಳು

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನಮ್ಮ ಅತ್ತೆಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಕುಂದಾಣದಿಂದ ನೆಂಟರು ಬಂದಾಗ, "ನಮ್ ಸೊಸೆ ಬೆಂಗ್ಳೂರ್ನಾಗೆ ಕ್ಯಾನ್ಸರ್ ಆಸ್ಪತ್ರೇಲಿ ಮಾತ್ರೆ ಎಣಿಸೋ ಕೆಲ್ಸ ಮಾಡ್ತಾಳೆ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ನರ್ಸಿಂಗ್ ಓದಿ, ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದು, ಆಮೇಲೆ ಹೊಸ ಔಷಧಿಗಳ ಟ್ರಯಲ್ ನಡೆಸುವ ವಿಭಾಗಕ್ಕೆ ಬಂದವಳು ನಾನು. ಈಗ ಕೂತು ಯೋಚಿಸಿದರೆ ಅತ್ತೆ ಹೇಳಿದ್ದು ಅಷ್ಟೇನೂ ತಪ್ಪಲ್ಲ. ಮಾತ್ರೆ ಕೊಡುವುದು, ಮಿಕ್ಕಿದ್ದನ್ನು ಎಣಿಸಿ ವಾಪಸು ತೆಗೆದುಕೊಳ್ಳುವುದು, ನಡುವೆ ಆ ಹೆಂಗಸರಿಗೆ ಏನೇನಾಯಿತು ಎಂದು ಬರೆದಿಡುವುದು, ಇಷ್ಟೇ ಅಲ್ಲವೇ. ನಿವೃತ್ತಿಯಾಗಿ ದೊಡ್ಡಬಳ್ಳಾಪುರದ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿರುವುದು ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರಿಗಾಗಿ. ಈಗ ಹುಡುಗರೂ ಬರುತ್ತಿದ್ದಾರೆ, ಅವರೂ ಓದಿಕೊಳ್ಳಲಿ.

ನಮ್ಮದು ಅಂಡಾಶಯದ ಕ್ಯಾನ್ಸರ್ ನೋಡುವ ವಿಭಾಗ. ಇದು ಸದ್ದಿಲ್ಲದೆ ಬೆಳೆಯುವ ಕಾಯಿಲೆ. ಹೊಟ್ಟೆ ಉಬ್ಬರಿಸಿದರೆ ಗ್ಯಾಸು ಎಂದುಕೊಂಡು ಓಮದ ನೀರು ಕುಡಿಯುತ್ತಾರೆ, ಊಟ ಸೇರದಿದ್ದರೆ ಪಿತ್ತ ಎನ್ನುತ್ತಾರೆ, ರವಿಕೆ ಸಡಿಲವಾಗಿ ಹೊಟ್ಟೆ ಮಾತ್ರ ಮುಂದೆ ಬಂದರೆ ವಯಸ್ಸಾಯಿತು ಎನ್ನುತ್ತಾರೆ. ನಮ್ಮ ಹತ್ತಿರ ಬರುವ ಹೊತ್ತಿಗೆ ಬಹಳ ಮಂದಿಗೆ ಹೊಟ್ಟೆಯೊಳಗೆಲ್ಲ ಹರಡಿರುತ್ತದೆ. ಆಪರೇಷನ್ ಮಾಡಿ ಕೀಮೋ ಕೊಟ್ಟರೆ ಮೊದಲ ಸಲ ಸಾಮಾನ್ಯವಾಗಿ ಇಳಿಯುತ್ತದೆ. ಉದುರಿದ ಕೂದಲು ಬರುತ್ತದೆ, ಮುಖಕ್ಕೆ ಕಳೆ ಬರುತ್ತದೆ, ಮನೆಯವರು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬರುತ್ತಾರೆ. ಆಮೇಲೆ ಹಾಳಾದ್ದು ತಿರುಗಿ ಬರುತ್ತದೆ. ನಾನು ಕೆಲಸ ಮಾಡಿದ ಟ್ರಯಲ್‌ಗಳಲ್ಲಿ ಹೆಚ್ಚಿನವು ಈ ತಿರುಗಿ ಬರುವುದನ್ನು ತಡೆಯಲಾದೀತೇ, ಹೋಗಲಿ ಮುಂದಕ್ಕಾದರೂ ತಳ್ಳಲಾದೀತೇ ಎಂದು ನೋಡುವಂಥವು.

ನಾನು ಸೇರಿದಾಗ ಇದ್ದ ಮುಖ್ಯಸ್ಥರು ಒಳ್ಳೆಯ ಸರ್ಜನ್. ಕೈಗುಣ ಚೆನ್ನಾಗಿತ್ತು, ತಾಳ್ಮೆ ಮಾತ್ರ ಚೂರೂ ಇರಲಿಲ್ಲ. ಟ್ರಯಲ್‌ಗೆ ಸೇರುವ ಮೊದಲು ರೋಗಿ ಕೊಡಬೇಕಾದ ಒಪ್ಪಿಗೆ ಪತ್ರ ಎಂದರೆ ಅವರಿಗೆ ಕಾಲಿಗೆ ತೊಡರುವ ಬಳ್ಳಿ. "ಓದಿ ಹೇಳೋಕೆ ಟೈಮ್ ಎಲ್ಲಿದೆ ಸಿಸ್ಟರ್? ಸಹಿ ಹಾಕಿಸ್ಕೊಂಡು ಬನ್ನಿ" ಎನ್ನುತ್ತಿದ್ದರು. ಹೊರಗೆ ಬಂದು ನೋಡಿದರೆ ಸಹಿ ಹಾಕಲು ಗಂಡನ ಅಣ್ಣನೋ ತವರಿನ ತಮ್ಮನೋ ಪೆನ್ನು ಹಿಡಿದು ತಯಾರಾಗಿ ನಿಂತಿರುತ್ತಿದ್ದರು. ರೋಗಿ ಮೂಲೆಯ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದಳು. "ಅವ್ಳಿಗೆ ಗಡ್ಡೆ ಅಂತ ಮಾತ್ರ ಹೇಳಿದೀವಿ, ನೀವು ಬಾಯ್ ಬಿಡ್ಬೇಡಿ" ಎಂದು ಕಣ್ಣಲ್ಲೇ ಸನ್ನೆ.

ಆ ಮುಖ್ಯಸ್ಥರು ಹೋಗಿ ಡಾಕ್ಟರ್ ಶ್ಯಾಮಲಾ ಮೇಡಂ ಬಂದ ಮೇಲೆ ಆ ಆಟ ನಿಂತಿತು. ಮೇಡಂ ತೆಳ್ಳಗೆ ಬೆಳ್ಳಗೆ, ನೋಡಲು ಸಾಧು. ಆದರೆ ಹಟ ಹಿಡಿದರೆ ಮುಗಿಯಿತು. ಅವರದು ಒಂದೇ ಕಟ್ಟುನಿಟ್ಟು. ನಾವು ಹೇಳಿದ್ದನ್ನು ರೋಗಿಯೇ ತನ್ನ ಮಾತಿನಲ್ಲಿ ತಿರುಗಿ ನಮಗೆ ಹೇಳಬೇಕು. ಅಲ್ಲಿಯವರೆಗೂ ಸಹಿ ಇಲ್ಲ. ಮೊದಮೊದಲು ನಾನೂ ಗೊಣಗಿದೆ. ಹೊರಗೆ ಸಾಲು ಬೆಳೆಯುತ್ತಿರುತ್ತದೆ, ಇಲ್ಲಿ ಇವರು ಶಾಲೆ ನಡೆಸುತ್ತಾರೆ ಎಂದು.

ಒಂದು ದಿನ ನಮ್ಮ ದೊಡ್ಡಬಳ್ಳಾಪುರದ ಹತ್ತಿರದ ಮಧುರೆ ಕಡೆಯ ಒಬ್ಬ ಹೆಂಗಸಿನ ಜೊತೆ ಮನೆಯ ಗಂಡಸರೆಲ್ಲ ಬಂದು ಕೋಣೆ ತುಂಬ ಕೂತಿದ್ದರು. ಮೇಡಂ ಅವರನ್ನೆಲ್ಲ ಕಾಫಿ ಕುಡಿದು ಬನ್ನಿ ಎಂದು ಸಾಗಹಾಕಿದರು. ಬಾಗಿಲು ಹಾಕಿದ್ದೇ ತಡ ಆ ಹೆಂಗಸು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. "ನಂಗೆ ಕ್ಯಾನ್ಸರ್ ಅಂತ ಎಂದೋ ಗೊತ್ತು ಕಣಮ್ಮ. ನಂಗೆ ಗೊತ್ತೈತೆ ಅಂತ ಅವ್ರಿಗ್ ಹೇಳ್ಬೇಡಿ. ಪಾಪ, ಅತ್ಬಿಡ್ತಾರೆ" ಎಂದಳು. ಮೇಡಂ ನನ್ನ ಮುಖ ನೋಡಿದರು. ಆವತ್ತಿನಿಂದ ನಾನು ಗೊಣಗಲಿಲ್ಲ.

ಆಮೇಲೆ ಒಪ್ಪಿಗೆ ಕೊಡುವುದನ್ನು ವಿಡಿಯೋ ಮಾಡಬೇಕು ಎಂಬ ನಿಯಮ ಬಂತು. ಅದೊಂದು ಪ್ರಹಸನ. ಕ್ಯಾಮೆರಾ ಎಂದ ಕೂಡಲೇ ಅಷ್ಟು ಹೊತ್ತು ಬಾಯಿತುಂಬ ಮಾತಾಡುತ್ತಿದ್ದವರು ಕಲ್ಲಾಗುತ್ತಿದ್ದರು. ಒಬ್ಬಾಕೆ "ನಾಳೆ ಬತ್ತೀನಿ" ಎಂದು ಹೋದವಳು ಮಾರನೆಯ ದಿನ ರೇಷ್ಮೆ ಸೀರೆ ಉಟ್ಟು, ಕೀಮೋದಿಂದ ಬೋಳಾದ ತಲೆಗೆ ಸೆರಗು ಹೊದ್ದು, ಸೆರಗಿನ ಅಂಚಿಗೇ ಮಲ್ಲಿಗೆ ಸಿಕ್ಕಿಸಿಕೊಂಡು ಬಂದಳು. ಕೆಂಪು ದೀಪ ಹತ್ತಿದ್ದೇ, "ಎಲ್ಲಾ ಬಂಧು ಬಾಂಧವರಿಗೂ ನಮಸ್ಕಾರ" ಎಂದು ಕೈಮುಗಿದಳು. ನಗು ತಡೆಯಲಾಗದೆ ನಾನು ಹೊರಗೆ ಓಡಿದೆ. ನಗಬೇಡಿ ಎಂದು ನಿಮಗೆ ಹೇಳುವುದಿಲ್ಲ. ಅವರ ಎದುರಿಗೆ ನಗಬೇಡಿ.

ನೋವು ಅಳೆಯುವ ವಿಷಯವನ್ನೂ ಹೇಳಿಬಿಡುತ್ತೇನೆ. ಹತ್ತಕ್ಕೆ ಎಷ್ಟು ನೋವು ಎಂದು ಕೇಳಿ ಬರೆಯಬೇಕಿತ್ತು. ಔಷಧಿ ತಯಾರಿಸುವ ಕಂಪನಿಯ ಕಡೆಯಿಂದ ಬರುತ್ತಿದ್ದ ಮಾನಿಟರ್ ಹುಡುಗಿಗೆ, ಅಂದರೆ ನಮ್ಮ ದಾಖಲೆಗಳನ್ನೆಲ್ಲ ತಪಾಸಣೆ ಮಾಡುವವಳಿಗೆ, ಅಂಕಿ ಬೇಕು. ನಮ್ಮ ಕಡೆಯ ಮುದುಕಿಯರು ಅಂಕಿ ಕೊಡುವುದೇ ಇಲ್ಲ. "ನಾಕಾಣೆ ವಾಸಿ" ಎನ್ನುತ್ತಾರೆ. "ಹನ್ನೆರಡಾಣೆ ಹೋಗೈತೆ, ಇನ್ನೊಂದು ನಾಕಾಣೆ ಉಳ್ಕೊಂಡೈತೆ" ಎನ್ನುತ್ತಾರೆ. ರೂಪಾಯಿಯ ಹದಿನಾರಾಣೆಯನ್ನು ಹತ್ತಕ್ಕೆ ಇಳಿಸುವ ಲೆಕ್ಕ ನನ್ನ ತಲೆಯಲ್ಲೇ ಓಡುತ್ತಿತ್ತು. ಆಣೆ ಎಂದರೇನು ಎಂದು ಆ ಹುಡುಗಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೇ ತಲೆನೋವು ಎಂಟಾಣೆ ಬಂದಿತ್ತು.

ಇವೆಲ್ಲ ನಗುವಂಥವು. ನಿಮಗೆ ಹೇಳಲೇಬೇಕಾದದ್ದು ಪಿಳ್ಳಮ್ಮ ಮತ್ತು ಸರೋಜಮ್ಮನ ವಿಷಯ.

ಪಿಳ್ಳಮ್ಮ ತೂಬಗೆರೆ ಹತ್ತಿರದ ಹಳ್ಳಿಯವರು. ಹೊಲ, ಹಸು, ಹೂವಿನ ತೋಟ ಎಲ್ಲ ನೋಡಿಕೊಳ್ಳುತ್ತಿದ್ದ ಗಟ್ಟಿಗಿತ್ತಿ. ಮೂರನೆಯ ಮಹಡಿಯಲ್ಲಿ ಅವರು ಮಾತಾಡಿದರೆ ಕೆಳಗಿನ ಫಾರ್ಮಸಿಗೆ ಕೇಳುತ್ತಿತ್ತು. ಬರುವಾಗ ಅವರೆಕಾಯಿಯೋ ಸೀಬೆಹಣ್ಣೋ ಕೈಯಲ್ಲಿ ಇಲ್ಲದೆ ಬಂದವರಲ್ಲ. ಬೇಡ, ನಾವು ತೆಗೆದುಕೊಳ್ಳಬಾರದು ಎಂದರೆ, "ತಗೋಬ್ಯಾಡ ಬುಡು, ನಿನ್ ಮೇಜಿನ್ ಮ್ಯಾಲೆ ಮರ್ತು ಬಿಟ್ಟೋಗ್ತೀನಿ" ಎನ್ನುತ್ತಿದ್ದರು.

ಸರೋಜಮ್ಮ ನಮ್ಮ ದೊಡ್ಡಬಳ್ಳಾಪುರದವರೇ, ನೇಕಾರರ ಮನೆ. ಗಂಡ ವೆಂಕಟೇಶಪ್ಪ ಮನೆಯಲ್ಲೇ ಪವರ್‌ಲೂಮ್ ಇಟ್ಟಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಮಗ್ಗಗಳ ಸದ್ದಿನಲ್ಲೇ ಅಡುಗೆ, ಅದರಲ್ಲೇ ಮಕ್ಕಳು, ಅದರಲ್ಲೇ ನಿದ್ದೆ. ಅವರ ಕಿವಿ ಮಂದವಾಗಿತ್ತು. ಮಾತಾಡುವವರ ತುಟಿಯನ್ನೇ ನೋಡುತ್ತಿದ್ದರು, ಅರ್ಥವಾಗದಿದ್ದರೂ ನಕ್ಕುಬಿಡುತ್ತಿದ್ದರು. ಇಡೀ ಆಸ್ಪತ್ರೆಯಲ್ಲಿ ಅವರಿಗೆ ಸಲೀಸಾಗಿ ಕೇಳುತ್ತಿದ್ದದ್ದು ಪಿಳ್ಳಮ್ಮನ ಗಂಟಲು ಒಂದೇ. ಸ್ನೇಹ ಆದದ್ದು ಹಾಗೆ. ಇಬ್ಬರದೂ ಆಪರೇಷನ್, ಕೀಮೋ ಮುಗಿದು ಒಂದೇ ಟ್ರಯಲ್‌ಗೆ ಸೇರಿದ್ದರು. ದಾರಿಗೆ ಜೊತೆಯಾಗಲಿ ಎಂದು ಇಬ್ಬರಿಗೂ ಒಂದೇ ದಿನ ಬರಲು ಹೇಳಿದೆ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸೇರಿ, ಒಂದೇ ಸೀಟಿನಲ್ಲಿ ಕೂತು ಬರುತ್ತಿದ್ದರು.

ಆ ಟ್ರಯಲ್ ಹೀಗಿತ್ತು. ಕೀಮೋ ಮುಗಿದವರಿಗೆ ಕಾಯಿಲೆ ತಿರುಗಿ ಬರದಂತೆ ದಿನಾ ನುಂಗುವ ಮಾತ್ರೆ. ಅರ್ಧ ಜನರ ಡಬ್ಬಿಯಲ್ಲಿ ನಿಜವಾದ ಔಷಧಿ, ಇನ್ನರ್ಧ ಜನರ ಡಬ್ಬಿಯಲ್ಲಿ ಥೇಟ್ ಅದೇ ಬಣ್ಣದ, ಅದೇ ಗಾತ್ರದ, ಔಷಧಿಯಿಲ್ಲದ ಮಾತ್ರೆ. ಹೆಂಗಸರು ಅದಕ್ಕೆ ಖಾಲಿ ಮಾತ್ರೆ ಎಂದು ಹೆಸರಿಟ್ಟಿದ್ದರು. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಹಂಚುತ್ತದೆ. ರೋಗಿಗೂ ಗೊತ್ತಿರುವುದಿಲ್ಲ, ನನಗೂ ಇಲ್ಲ, ಮೇಡಂಗೂ ಇಲ್ಲ. ಗೊತ್ತಾದರೆ ನಮ್ಮ ಆಸೆ ನಮ್ಮ ಕಣ್ಣನ್ನು ಕೆಡಿಸುತ್ತದೆ, ಇರದ ಗುಣ ಕಾಣುತ್ತದೆ. ಅದಕ್ಕೇ ಈ ಏರ್ಪಾಡು. ತಿರುಗಿ ಹೇಳಿ ಎಂದಾಗ ಸರೋಜಮ್ಮ ಅಚ್ಚುಕಟ್ಟಾಗಿ ಹೇಳಿದ್ದರು. "ನಂಗೆ ಸಿಕ್ಕೋದು ಔಷಧಿ ಆಗ್ಬೋದು, ಬರೀ ಖಾಲಿ ಆಗ್ಬೋದು. ಎಲ್ಲಾ ಮುಗಿದ್ಮೇಲೇ ಗೊತ್ತಾಗೋದು." ಪಿಳ್ಳಮ್ಮ, "ಅವ್ಳು ಹೇಳಿದ್ದೇ ನಾನೂ ಹೇಳೋದು" ಎಂದಿದ್ದರು. ಅದನ್ನು ಮೇಡಂ ಒಪ್ಪಲಿಲ್ಲ, ಪೂರ್ತಿ ಹೇಳಿಸಿದರು.

ಮಾತ್ರೆ ಶುರುವಾದ ಮೊದಲ ವಾರದಿಂದಲೇ ಪಿಳ್ಳಮ್ಮನಿಗೆ ವಾಂತಿ. "ತಿಂದಿದ್ದೆಲ್ಲ ಈಚೆಗ್ ಬತ್ತೈತೆ ಕಣವ್ವ. ಔಷಧಿ ಭಾರೀ ಪವರ್ರು" ಎಂದು ಹೆಮ್ಮೆಯಿಂದ ಹೇಳಿದರು. ಅವರ ಮನಸ್ಸಿನಲ್ಲಿ ತೀರ್ಮಾನವಾಗಿಹೋಯಿತು, ತನ್ನದು ನಿಜವಾದ ಔಷಧಿ ಎಂದು. ಸರೋಜಮ್ಮನಿಗೆ ವಾಂತಿಯಿಲ್ಲ, ವಾಕರಿಕೆಯಿಲ್ಲ. ಸುಸ್ತು ಮಾತ್ರ. ರಕ್ತ, ಅಂದರೆ ಹಿಮೋಗ್ಲೋಬಿನ್, ಇಳಿಯುತ್ತಾ ಬಂತು. ಕೀಮೋ ಮುಗಿಸಿದವರಲ್ಲಿ ಅದು ಸಾಮಾನ್ಯ, ಅದೂ ಮೊದಲೇ ಕಡ್ಡಿಯಂಥ ಮೈ. "ನಂದು ಖಾಲಿನೇ ಇರ್ಬೇಕು ಅಲ್ವಾ ಸಿಸ್ಟರಮ್ಮ" ಎಂದು ಒಂದು ಸಲ ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು. ಯಾರಿಗೂ ಗೊತ್ತಿಲ್ಲಮ್ಮ ಎಂದೆ. ನಿಜವೇ ಹೇಳಿದ್ದು. ಅವರು ನಕ್ಕರು, ಆದರೆ ಮುಖ ಸಪ್ಪಗಾಗಿತ್ತು.

ಕೆಲವು ತಿಂಗಳು ಕಳೆದ ಮೇಲೆ ಸರೋಜಮ್ಮನ ರಕ್ತ ಏರತೊಡಗಿತು. ಮುಖಕ್ಕೆ ಸ್ವಲ್ಪ ಬಣ್ಣ ಬಂತು. ಮೇಡಂ ರಿಪೋರ್ಟು ನೋಡಿ ಖುಷಿಯಾಗಿ, "ಏನ್ ತಿಂದ್ರಿ ಸರೋಜಮ್ಮ? ಸೊಪ್ಪಾ, ಖರ್ಜೂರಾನಾ?" ಎಂದು ಕೇಳಿದರು. ಸರೋಜಮ್ಮ ತಲೆ ತಗ್ಗಿಸಿದರು. ಬಾಗಿಲಲ್ಲಿ ನಿಂತಿದ್ದ ಪಿಳ್ಳಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ.

"ಸೊಪ್ಪೂ ಅಲ್ಲ, ಸದೆನೂ ಅಲ್ಲ. ಅದು ನನ್ ಮಾತ್ರೆ ಕಣ್ ತಾಯಿ!"

ಪಿಳ್ಳಮ್ಮ ಒಳಗೆ ಬಂದು ಎಲ್ಲವನ್ನೂ ಹೇಳಿದರು. ಸರೋಜಮ್ಮ ತನ್ನದು ಖಾಲಿ ಎಂದು ಕೊರಗತೊಡಗಿದಂದಿನಿಂದ, ನಾನು ಡಬ್ಬಿ ಕೊಟ್ಟು ಕಳಿಸಿದ ಮೇಲೆ ಇಬ್ಬರೂ ಆಸ್ಪತ್ರೆ ಮುಂದಿನ ಹೊಂಗೆ ಮರದ ಕೆಳಗೆ ಕೂರುತ್ತಿದ್ದರಂತೆ. ಸರೋಜಮ್ಮ ಸೆರಗು ಹಾಸುತ್ತಿದ್ದರಂತೆ. ಎರಡೂ ಡಬ್ಬಿಯ ಮಾತ್ರೆಗಳನ್ನು ಅದರ ಮೇಲೆ ಸುರಿದು, ಕೈಯಾಡಿಸಿ ಚೆನ್ನಾಗಿ ಬೆರೆಸಿ, ಮತ್ತೆ ಸಮನಾಗಿ ಎರಡೂ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದರಂತೆ. ಹೋಗಿ ಬರುವ ದಾರಿಯಲ್ಲಿ ಬುತ್ತಿ, ಕಡಲೆಕಾಯಿ, ಎಲೆಅಡಿಕೆ ಎಲ್ಲವನ್ನೂ ಹಂಚಿಕೊಳ್ಳುತ್ತಿದ್ದವರು ಇದನ್ನೂ ಹಂಚಿಕೊಂಡಿದ್ದರು. ನನ್ನ ಎಣಿಕೆಗೆ ಸಿಕ್ಕುವ ದಾರಿಯೇ ಇರಲಿಲ್ಲ, ಡಬ್ಬಿಯಲ್ಲಿ ಎಷ್ಟಿರಬೇಕೋ ಅಷ್ಟೇ ಇರುತ್ತಿತ್ತು.

ನನಗೆ ಪಿತ್ತ ನೆತ್ತಿಗೇರಿತು. "ಏನಂದ್ಕೊಂಡಿದೀರಾ ಅದನ್ನ? ಕಡ್ಲೆಪುರಿನಾ? ಅಷ್ಟು ಹೇಳಿದೀನಲ್ಲ, ತಿರುಗಿಸಿ ಹೇಳಿದ್ರಲ್ಲ!" ಎಂದು ಕೂಗಾಡಿದೆ.

ಪಿಳ್ಳಮ್ಮ ಅಳುಕಲಿಲ್ಲ. "ನೀನೇ ಹೇಳಿದ್ಯಲ್ಲವ್ವ, ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಖಾಲಿ ಅಂತ. ನಾವು ಇಬ್ರೂ ಅರ್ಧರ್ಧ ಮಾಡ್ಕೊಂಡ್ವಿ. ನಿನ್ ಲೆಕ್ಕ ನಿಂಗ್ ಸರಿಹೋಯ್ತಲ್ಲ. ಪಕ್ಕದಾಗೆ ಕೂತ್ಕೊಂಡು ಬತ್ತಾಳೆ. ಅವ್ಳಿಗ್ ಖಾಲಿ ಕೊಟ್ಟು ನಾನೊಬ್ಳೇ ಔಷಧಿ ನುಂಗಿದ್ರೆ ನನ್ ಗಂಟ್ಲಲ್ಲಿ ಇಳೀತದಾ?"

ಸರೋಜಮ್ಮ ಆಗ ಮೆಲ್ಲಗೆ, "ಬೇಡ ಬೇಡ ಅಂದೆ ಮೇಡಂ, ಪಿಳ್ಳಕ್ಕ ಕೇಳ್ಲಿಲ್ಲ. ಅವ್ರನ್ನ ಹೊರಗ್ ಹಾಕ್ಬೇಡಿ. ನನ್ನ್ ಹಾಕಿ" ಎಂದರು.

ನಮ್ಮ ಕೆಲಸದಲ್ಲಿ ಇಂಥದ್ದನ್ನು ಮುಚ್ಚಿಡುವ ಹಾಗಿಲ್ಲ. ಮೇಡಂ ಅದೇ ದಿನ ಕಂಪನಿಗೂ ಟ್ರಯಲ್‌ಗಳ ಮೇಲೆ ಕಣ್ಣಿಡುವ ಆಸ್ಪತ್ರೆಯ ನೈತಿಕ ಸಮಿತಿಗೂ ತಿಳಿಸಿದರು. ಕಂಪನಿಯ ಕಡೆಯವರು ಇಬ್ಬರನ್ನೂ ಟ್ರಯಲ್‌ನಿಂದ ಕೈಬಿಡಿ ಎಂದರು. ಮೇಡಂ ಸಮಿತಿಯ ಮುಂದೆ ಕೂತು ವಾದ ಮಾಡಿದರು. ಬೇರೆ ಕಡೆ ಈ ಔಷಧಿ ಸಿಗುವುದಿಲ್ಲ, ಇವರ ಆರೋಗ್ಯಕ್ಕೆ ಅಪಾಯವಾಗಿಲ್ಲ, ತಾವಾಗಿ ಬಾಯಿಬಿಟ್ಟವರನ್ನು ಹೊರಗೆ ಹಾಕಿದರೆ ಇನ್ನು ಮುಂದೆ ಯಾರೂ ಬಾಯಿ ಬಿಡುವುದಿಲ್ಲ ಎಂದು. ಕೊನೆಗೆ ಇಬ್ಬರೂ ಉಳಿದರು, ತಮ್ಮ ತಮ್ಮ ಡಬ್ಬಿಯ ಮಾತ್ರೆಯನ್ನು ತಾವೇ ನುಂಗಬೇಕು ಎಂಬ ಷರತ್ತಿನ ಮೇಲೆ. ಬರುವ ದಿನಗಳನ್ನೂ ಬೇರೆ ಬೇರೆ ಮಾಡಿದೆವು. ಒಬ್ಬರೇ ಬಸ್ಸಿನಲ್ಲಿ ಬಂದ ಮೊದಲ ದಿನ ಪಿಳ್ಳಮ್ಮ ತಂದಿದ್ದ ಸೀಬೆಹಣ್ಣನ್ನು ನನ್ನ ಮೇಜಿನ ಮೇಲೆ ಮರೆಯದೆ ವಾಪಸು ತೆಗೆದುಕೊಂಡು ಹೋದರು.

ನಮ್ಮ ವಿಧಾನವೂ ಆವತ್ತೇ ಬದಲಾಯಿತು. ಮಾತ್ರೆ ಬೇರೆಯವರಿಗೆ ಕೊಡಬಾರದು ಎಂದು ಪತ್ರದಲ್ಲಿ ಮೊದಲೂ ಇತ್ತು. ಓದುವವರಿಗೆ ಅದು ಮನೆಯ ಮಕ್ಕಳ ಕೈಗೆ ಸಿಗಬಾರದು ಎಂದಷ್ಟೇ ಅರ್ಥವಾಗುತ್ತಿತ್ತು. ಅಂದಿನಿಂದ ನಾನು ಬಿಡಿಸಿ ಹೇಳತೊಡಗಿದೆ. ನಿಮ್ಮ ಪಕ್ಕದಲ್ಲಿ ಕೂತವರು ಇದೇ ಟ್ರಯಲ್‌ನವರಾಗಿದ್ದರೂ, ಅವರನ್ನು ಕಂಡು ನಿಮಗೆ ಕರುಳು ಚುರುಕ್ ಎಂದರೂ ಕೊಡಬೇಡಿ. ವಾಂತಿ ಬಂದರೆ ಔಷಧಿ, ಬರದಿದ್ದರೆ ಖಾಲಿ ಎಂದೂ ಅಂದುಕೊಳ್ಳಬೇಡಿ. ಹೊಸದಾಗಿ ಬರುವವರೇ, ನೀವೂ ಹೀಗೆಯೇ ಬಿಡಿಸಿ ಹೇಳಿ. ನಮ್ಮ ಜನ ನಿಯಮ ಮುರಿಯುವುದು ಕಳ್ಳತನಕ್ಕಲ್ಲ. ಬಹಳ ಸಲ ಒಳ್ಳೆಯತನಕ್ಕೆ ಮುರಿಯುತ್ತಾರೆ, ಅದನ್ನು ಮೊದಲೇ ಊಹಿಸಬೇಕು.

ಮುಂದಿನ ವರ್ಷ ಸರೋಜಮ್ಮನ ಹೊಟ್ಟೆಯಲ್ಲಿ ನೀರು ತುಂಬಿತು. ಕಾಯಿಲೆ ತಿರುಗಿ ಬಂದಿತ್ತು. ಟ್ರಯಲ್ ಮಾತ್ರೆ ನಿಲ್ಲಿಸಿ ಮತ್ತೆ ಕೀಮೋ ಕೊಟ್ಟರು. ಮೈ ತಡೆಯಲಿಲ್ಲ. ಅವರು ತೀರಿಕೊಂಡಾಗ ನಾನು ಹೋಗಿದ್ದೆ. ಆ ಬೀದಿಯಲ್ಲಿ ಮಗ್ಗಗಳೆಲ್ಲ ನಿಂತು, ನನ್ನ ಚಪ್ಪಲಿ ಸದ್ದು ನನಗೇ ದೊಡ್ಡದಾಗಿ ಕೇಳುತ್ತಿತ್ತು. ಈ ಕೆಲಸದಲ್ಲಿ ಸಾವು ಕಂಡು ಕಂಡು ನನ್ನ ಕಣ್ಣು ಒಣಗಿದೆ ಎಂದುಕೊಂಡಿದ್ದೆ. ಹಾಗೇನೂ ಆಗಿರಲಿಲ್ಲ, ಅಲ್ಲೇ ಕೂತು ಅತ್ತುಬಿಟ್ಟೆ.

ಪಿಳ್ಳಮ್ಮ ಚೆನ್ನಾಗಿಯೇ ಇದ್ದರು. ಮಾತ್ರೆಯ ಅವಧಿ ಮುಗಿಯಿತು, ಸ್ಕ್ಯಾನ್ ಮೇಲೆ ಸ್ಕ್ಯಾನ್ ಬಂದರೂ ಕಾಯಿಲೆ ಕಾಣಲಿಲ್ಲ. ಸರೋಜಮ್ಮನ ಮನೆಯವರು ಅವರನ್ನು ಬಿಡಲಿಲ್ಲ. ತನ್ನ ಪಾಲಿನ ಔಷಧಿಯನ್ನು ನಮ್ಮವಳಿಗೆ ಕೊಟ್ಟ ಮಹಾತಾಯಿ ಎಂದು ವರ್ಷ ವರ್ಷ ಗೌರಿ ಹಬ್ಬಕ್ಕೆ ಕರೆದು, ತಾವೇ ನೇಯ್ದ ಸೀರೆ ಉಡಿಸಿ ಕಳಿಸುತ್ತಿದ್ದರು. ಅದನ್ನು ಉಟ್ಟುಕೊಂಡೇ ಪಿಳ್ಳಮ್ಮ ಚೆಕಪ್‌ಗೆ ಬರುತ್ತಿದ್ದರು. "ನೋಡವ್ವ, ಸರೋಜನ್ ಮನೇದು" ಎಂದು ಸೆರಗು ಹರಡಿ ತೋರಿಸುತ್ತಿದ್ದರು.

ನಾನು ನಿವೃತ್ತಿಯಾಗುವ ವರ್ಷ ಆ ಟ್ರಯಲ್‌ನ ಫಲಿತಾಂಶ ಬಂತು. ಔಷಧಿ ನುಂಗಿದವರಲ್ಲಿ ಬಹಳ ಮಂದಿಗೆ ಕಾಯಿಲೆ ತಡವಾಗಿ ತಿರುಗಿತ್ತು, ಕೆಲವರಿಗೆ ತಿರುಗಿಯೇ ಇರಲಿಲ್ಲ. ಯಾರಿಗೆ ಯಾವುದು ಸಿಕ್ಕಿತ್ತು ಎಂಬ ಗುಟ್ಟೂ ಬಿಚ್ಚಿತು. ಕೇಳಿದವರಿಗೆ ಅವರವರದನ್ನು ಹೇಳಬಹುದು, ತೀರಿಕೊಂಡವರದನ್ನು ಅವರ ಮನೆಯವರಿಗೆ. ನಾನು ಮೊದಲು ನೋಡಿದ್ದು ಈ ಇಬ್ಬರ ಹೆಸರನ್ನೇ. ತಪ್ಪಿರಬಹುದು ಎಂದು ಕ್ರಮಸಂಖ್ಯೆ ಹಿಡಿದು ಇನ್ನೊಂದು ಸಲ ನೋಡಿದೆ.

ಪಿಳ್ಳಮ್ಮ ಆ ವಾರವೇ ಬಂದರು. "ಎಲ್ಲಾ ಮುಗೀತಂತಲ್ಲ. ಹೇಳು ಮತ್ತೆ, ನನ್ ಡಬ್ಬೀಲಿದ್ದಿದ್ದು ಔಷಧೀನೇ ತಾನೆ?" ಎಂದರು.

ಸುಳ್ಳು ಹೇಳಬಹುದಿತ್ತು. ಆದರೆ ಇಷ್ಟು ವರ್ಷ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ನನ್ನ ಅನ್ನವಾಗಿತ್ತು. "ಅಲ್ಲ ಪಿಳ್ಳಮ್ಮ. ಖಾಲಿ ಮಾತ್ರೆ" ಎಂದೆ.

ಅವರು ಮೊದಲು ನಕ್ಕರು. "ಏಯ್ ಹೋಗವ್ವ. ಅಷ್ಟು ವಾಂತಿ ಮಾಡ್ಕಂಡಿದೀನಿ!"

"ಮನಸ್ಸಿಗೆ ಔಷಧಿ ಅಂತ ಹೊಕ್ಕರೆ ಹೊಟ್ಟೆನೂ ನಂಬುತ್ತೆ. ಬಹಳ ಜನಕ್ಕೆ ಹಾಗಾಗುತ್ತೆ" ಎಂದೆ.

ನಗು ಇಳಿದುಹೋಯಿತು. "ಹಂಗಾದ್ರೆ ಸರೋಜಂದು?" ಎಂದರು.

"ಅದನ್ನ ನಿಮಗೆ ಹೇಳೋ ಹಾಗಿಲ್ಲ. ಅವರ ಮನೆಯವರಿಗೆ ಮಾತ್ರ."

"ಸರಿ, ನಡಿ. ಅವ್ರ್ ಮನೆಗೇ ಹೋಗಾನ. ಅವ್ರ್ ಮುಂದೇನೇ ಹೇಳು" ಎಂದು ಎದ್ದೇಬಿಟ್ಟರು.

ನಾನು ಮೇಡಂ ಹತ್ತಿರ ಹೋದೆ. ವೆಂಕಟೇಶಪ್ಪನವರಿಗೆ ತಿಳಿಯುವ ಹಕ್ಕಿದೆ, ಬೇಕೋ ಬೇಡವೋ ಮೊದಲು ಕೇಳಿ ಎಂದರು ಮೇಡಂ. ಫೋನಿನಲ್ಲಿ ಕೇಳಿದೆ. "ಬನ್ನಿ, ಪಿಳ್ಳಕ್ಕನೂ ಇದ್ರೆ ಕರ್ಕೊಂಡೇ ಬನ್ನಿ" ಎಂದರು ಅವರು. ಆ ಭಾನುವಾರ ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪಿಳ್ಳಮ್ಮ ನನಗಾಗಿ ಕಾಯುತ್ತಿದ್ದರು. ಗೌರಿ ಹಬ್ಬದ ಸೀರೆ ಉಟ್ಟಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು. "ಅವ್ಳದ್ದೂ ಖಾಲೀನೇ ಆಗಿದ್ರೆ ಸಾಕಪ್ಪ ದೇವ್ರೇ. ಇಬ್ರೂ ಖಾಲೀನೇ ಹಂಚ್ಕಂಡಿದ್ವಿ ಅಂತಾಗ್ಲಿ." ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಅವರ ಪಕ್ಕದಲ್ಲಿ ನಡೆಯುವುದು ನನಗೆ ಸಾಕುಸಾಕಾಯಿತು.

ಮನೆಯ ಮುಂದಿನ ಭಾಗದಲ್ಲಿ ಮಗ್ಗಗಳು, ಒಳಗೆ ಸಂಸಾರ. ನಮ್ಮನ್ನು ನೋಡಿ ವೆಂಕಟೇಶಪ್ಪ ಸ್ವಿಚ್ಚು ಆರಿಸಿದರು. ಸದ್ದು ನಿಂತದ್ದಕ್ಕೆ ಮಗಳು ಪುಷ್ಪ ಒಳಗಿನಿಂದ ಬಂದಳು. ಪಿಳ್ಳಮ್ಮ ಹೊಸ್ತಿಲ ಹತ್ತಿರವೇ ನಿಂತರು. ಕೂರಿ ಎಂದರೂ ಕೂರಲಿಲ್ಲ.

"ಹೇಳಿ ಸಿಸ್ಟರಮ್ಮ. ಎಲ್ಲಾರ ಎದ್ರುಗೇ ಹೇಳಿ, ಪರವಾಗಿಲ್ಲ" ಎಂದರು ವೆಂಕಟೇಶಪ್ಪ.

ಹೇಳಿದೆ. ಪಿಳ್ಳಮ್ಮನ ಡಬ್ಬಿಯಲ್ಲಿದ್ದದ್ದು ಖಾಲಿ ಮಾತ್ರೆ. ಸರೋಜಮ್ಮನ ಡಬ್ಬಿಯಲ್ಲಿದ್ದದ್ದು ನಿಜವಾದ ಔಷಧಿ. ಆ ಔಷಧಿಗೆ ರಕ್ತ ಇಳಿಸುವ ಗುಣವಿತ್ತು, ಅದಕ್ಕೇ ಅವರಿಗೆ ಸುಸ್ತಾಗುತ್ತಿತ್ತು. ಹಂಚಿಕೊಂಡ ತಿಂಗಳುಗಳಲ್ಲಿ ಅರ್ಧ ಔಷಧಿ ಮಾತ್ರ ಮೈಗೆ ಹೋಗಿದ್ದರಿಂದ ರಕ್ತ ಏರಿತ್ತು. ಅದನ್ನೇ ನಾವೆಲ್ಲ ಗುಣ ಎಂದುಕೊಂಡಿದ್ದೆವು.

"ಅಂದ್ರೆ ಕೊಟ್ಟಿದ್ದು ನಾನಲ್ಲ" ಎಂದರು ಪಿಳ್ಳಮ್ಮ. ಅಷ್ಟು ಸಣ್ಣ ದನಿ ಅವರಿಗಿದೆ ಎಂದು ನನಗೆ ಗೊತ್ತಿರಲಿಲ್ಲ. "ಅವ್ಳ್ ಕೊಟ್ಟಿದ್ದು. ಅವ್ಳ್ದ್ ಅರ್ಧ ನಾನು ತಿಂದ್ಬಿಟ್ಟೆ. ತಿಂದು, ನಿಮ್ ಕೈಲಿ ಸೀರೆ ಬೇರೆ ಉಡಿಸ್ಕಂಡೆ."

ವೆಂಕಟೇಶಪ್ಪ ಅವರ ಕಡೆ ನೋಡಲಿಲ್ಲ. ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕೇಳಿದರು. "ಪೂರ್ತಿ ತಗೊಂಡಿದ್ರೆ ಉಳೀತಿದ್ಲಾ?"

"ಹೇಳೋಕಾಗಲ್ಲ. ಪೂರ್ತಿ ತಗೊಂಡವರೂ ಹೋಗಿದ್ದಾರೆ. ಬರೀ ಖಾಲಿ ತಗೊಂಡವರಲ್ಲೂ ಚೆನ್ನಾಗಿರೋರು ಇದ್ದಾರೆ. ನೂರಾರು ಜನರನ್ನ ಒಟ್ಟಿಗೆ ನೋಡಿದಾಗ ಮಾತ್ರ ಲೆಕ್ಕ ಗೊತ್ತಾಗೋದು. ಒಬ್ಬರದ್ದು ಹೇಳೋಕೆ ಯಾರ ಕೈಲೂ ಆಗಲ್ಲ."

"ಹೇಳೋಕಾಗಲ್ಲ ಅಂದ್ರೆ ಇಲ್ಲ ಅಂತೇನಲ್ಲ, ಅಲ್ವಾ?"

"ಅಲ್ಲ" ಎಂದೆ.

ಅವರ ಮುಖ ಕಪ್ಪಿಟ್ಟಿತು. ಬೈಯುತ್ತಾರೆ, ಪಿಳ್ಳಮ್ಮನಿಗೆ ಹೊರಗೆ ಹೋಗಿ ಎನ್ನುತ್ತಾರೆ ಎಂದುಕೊಂಡೆ. ಪುಷ್ಪ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಕೊನೆ ದಿನಗಳಲ್ಲಿ ಅವ್ಳಿಗೆ ಒಂದೇ ಕೊರಗು" ಎಂದರು ವೆಂಕಟೇಶಪ್ಪ, ಕೈಯನ್ನು ಸೀರೆಯ ಮೇಲಿಂದ ತೆಗೆಯದೆ. "ಪಿಳ್ಳಕ್ಕನ ಪಾಲಿಂದು ತಿಂದ್ಬಿಟ್ಟೆ, ನಂಗೂ ಹತ್ಲಿಲ್ಲ, ಅವ್ರಿಗೂ ಇಲ್ದಂಗಾಯ್ತು, ಅವ್ರಿಗೇನಾದ್ರೂ ಆದ್ರೆ ಪಾಪ ನಂಗೇ ಸುತ್ಕೊಳ್ಳುತ್ತೆ ಅಂತ. ಊಟ ಇಟ್ರೂ ಅದೇ, ನೀರ್ ಕೊಟ್ರೂ ಅದೇ. ನಾನು ಎಷ್ಟು ಸಮಾಧಾನ ಮಾಡಿದ್ರೂ ಕೇಳ್ಲಿಲ್ಲ. ಕಿವಿ ಬೇರೆ ಕೇಳ್ತಿರ್ಲಿಲ್ವಲ್ಲ. ಅದೇ ಕೊರಗು ಇಟ್ಕೊಂಡೇ ಹೋದ್ಲು."

ಪಿಳ್ಳಮ್ಮ ಹೊಸ್ತಿಲ ಮೇಲೇ ಕುಸಿದು ಕೂತರು. "ಅಯ್ಯೋ ನನ್ನವ್ವಾ, ನೀನೇನ್ ತಿಂದ್ಯೇ ನಂದು" ಎಂದು ಎದೆ ಒಡೆದು ಅಳತೊಡಗಿದರು.

ವೆಂಕಟೇಶಪ್ಪ ಆಗ ಅವರ ಕಡೆ ತಿರುಗಿದರು. ಆಮೇಲೆ ಮಗಳಿಗೆ, "ಪುಷ್ಪಾ, ದೊಡ್ಡಮ್ಮನ್ನ ಒಳಗ್ ಕರ್ಕೊಂಡೋಗಿ ಅಮ್ಮನ ಫೋಟೋ ಮುಂದೆ ಕೂರ್ಸಮ್ಮ. ಈಗ್ಲಾದ್ರೂ ಇಬ್ರೂ ಮಾತಾಡ್ಕೊಳ್ಲಿ" ಎಂದರು.

ಅವರಿಬ್ಬರೂ ಒಳಗೆ ಹೋದ ಮೇಲೆ ವೆಂಕಟೇಶಪ್ಪ ಬಾಗಿಲು ಎಳೆದು, ಒಂದೊಂದೇ ಮಗ್ಗದ ಸ್ವಿಚ್ಚು ಹಾಕಿದರು. ಮನೆಯೆಲ್ಲ ಸದ್ದು ತುಂಬಿತು. ಪಿಳ್ಳಮ್ಮ ಒಳಗೆ ಏನು ಹೇಳುತ್ತಿದ್ದರೋ, ಅವರ ಆ ದೊಡ್ಡ ಗಂಟಲು ಕೂಡ ನಮಗೆ ಕೇಳಲಿಲ್ಲ.